ಸಿಲ್ಲೋಡಿನ ಮರದ ಮನೆಗಳು: ಕಡಿಮೆ ಖರ್ಚಿನಲ್ಲಿ ಸ್ವಂತ ಸೂರು ಕಟ್ಟಲು ಕಲಿಯುವ ಬಗೆ

ಸಿಲ್ಲೋಡ್: ಛತ್ರಪತಿ ಸಂಭಾಜಿನಗರದಿಂದ (2023ರವರೆಗೆ ಔರಂಗಾಬಾದ್) ಅಜಂತಾ ನೋಡಲು ಹೊರಟವರಿಗೆ ಸುಮಾರು 65 ಕಿಲೋಮೀಟರ್ ಕ್ರಮಿಸಿದ ಮೇಲೆ ಸಿಗುವ ತಾಲೂಕು ಕೇಂದ್ರ ಸಿಲ್ಲೋಡ್. ಹತ್ತಿ, ಮೆಕ್ಕೆಜೋಳ ಹಾಗೂ ಮೆಣಸಿನಕಾಯಿಯ ಪೇಟೆ. ಪ್ರವಾಸಿಗರು ಇಲ್ಲಿ ಚಹಾ ಕುಡಿಯಲು ಇಳಿದು ಹತ್ತು ನಿಮಿಷದಲ್ಲಿ ಮತ್ತೆ ಬಸ್ಸು ಹತ್ತುತ್ತಾರೆ. ಹೆದ್ದಾರಿ ಬಿಟ್ಟು ಸುತ್ತಲಿನ ಹಳ್ಳಿಗಳ ಹಳೇ ಓಣಿಗೆ ಕಾಲಿಟ್ಟರೆ ಮಾತ್ರ ವಿಜಯಪುರ, ಕಲಬುರಗಿ, ಬೀದರ ಕಡೆಯ ಕನ್ನಡಿಗರಿಗೆ ತಮ್ಮೂರಿನ ನೆನಪಾಗದೆ ಇರದು. ಅದೇ ದಪ್ಪ ಕಲ್ಲುಮಣ್ಣಿನ ಗೋಡೆ, ಅದೇ ಮಣ್ಣಿನ ಮಾಳಿಗೆ, ಒಳಗೆ ಹೊಗೆ ಕುಡಿದು ಕಪ್ಪಾದ ಅದೇ ಕಂಬ, ತೊಲೆ, ಜಂತಿ.

ಈ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಕಂಬ ತೊಲೆಗಳು ಹಳೇ ಮರದ ವ್ಯಾಪಾರಿಯ ಲಾರಿ ಏರುತ್ತವೆ, ಅದೇ ಜಾಗದಲ್ಲಿ ಸಿಮೆಂಟ್ ಸ್ಲ್ಯಾಬಿನ ಮನೆ ಏಳುತ್ತದೆ. ಕಾಲ ಬದಲಾಗಿದೆ, ತಪ್ಪೇನೂ ಇಲ್ಲ ಎನ್ನಬಹುದು. ಆದರೆ ಮುಂಬಯಿ, ಪುಣೆ, ನಾಸಿಕ್‌ಗಳಲ್ಲಿ ಜೀವಮಾನವಿಡೀ ದುಡಿದು, ನಿವೃತ್ತಿಯ ಭವಿಷ್ಯನಿಧಿ ಹಿಡಿದು ಊರಲ್ಲೊಂದು ಮನೆ ಕಟ್ಟಿಸಬೇಕೆಂದಿರುವ ಸಂಘದ ಸದಸ್ಯರು ಈ ಹಳೇ ಮನೆಗಳನ್ನು ಒಮ್ಮೆ ನಿಂತು ನೋಡುವುದು ಒಳ್ಳೆಯದು. ಬಾಡಿಗೆ ಖೋಲಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಮನೆ ಎಂಬುದು ಒಮ್ಮೆ ಮಾತ್ರ ಮಾಡುವ ಖರ್ಚು. ಅದರಲ್ಲಿ ಎಡವಿದರೆ ಎರಡನೇ ಅವಕಾಶ ಇರುವುದಿಲ್ಲ.

ಇತ್ತೀಚೆಗೆ ಇಡೀ ದಿಮ್ಮಿಗಳನ್ನೇ ಒಂದರ ಮೇಲೊಂದು ಜೋಡಿಸಿ ಕಟ್ಟುವ ಮರದ ಮನೆಯ ಚಿತ್ರಗಳು ಮಕ್ಕಳ ಮೊಬೈಲುಗಳಲ್ಲಿ ಓಡಾಡುತ್ತಿವೆ. ಗಂಡ ಹೆಂಡತಿ ಇಬ್ಬರೇ ಕಾಡಿನ ನಡುವೆ ಕೊಡಲಿ ಹಿಡಿದು ಮನೆ ಕಟ್ಟಿಕೊಂಡರು, ಸಾಲವಿಲ್ಲ, ಕಂತಿಲ್ಲ ಎಂಬ ಮಾತು ಯಾರಿಗೆ ತಾನೇ ಹಿಡಿಸದು? ನಾಸಿಕದ ದ್ರಾಕ್ಷಿ ತೋಟಗಳ ನಡುವಿನ ರಿಸಾರ್ಟುಗಳಲ್ಲೂ ಇಂಥ ಮರದ ಕುಟೀರಗಳ ಗೀಳು ಹತ್ತಿದೆ. ನಮ್ಮ ನೆಲದಲ್ಲಿ ಇದು ನಡೆಯುವ ಮಾತೇ ಎಂಬುದನ್ನು ಪೆನ್ನು ಕಾಗದ ಹಿಡಿದು ನೋಡಬೇಕಾಗಿದೆ.

ದಿಮ್ಮಿಯ ಲೆಕ್ಕ

ದಿಮ್ಮಿ ಮನೆ ಹುಟ್ಟಿದ್ದು ನೇರವಾಗಿ ಬೆಳೆಯುವ ಪೈನ್, ಫರ್ ಮರಗಳ ಚಳಿ ದೇಶಗಳಲ್ಲಿ. ಸ್ವೀಡನ್, ಫಿನ್ಲೆಂಡ್ ಕಡೆಯ ಜನ 1638ರಲ್ಲಿ ಅಮೆರಿಕದ ಡೆಲವೇರ್ ನದಿ ತೀರದಲ್ಲಿ ನೆಲೆಸಿದಾಗ ಈ ವಿದ್ಯೆಯನ್ನು ಜೊತೆಗೇ ಒಯ್ದರು. ಜಮೀನು ಹಸನು ಮಾಡಲು ಮರ ಕಡಿಯಲೇಬೇಕಿತ್ತು, ಕಡಿದ ಮರ ಗೋಡೆಯಾಯಿತು. ಮರ ಪುಕ್ಕಟೆ, ಕೈಯ ದುಡಿಮೆಯೂ ಪುಕ್ಕಟೆ. ಅದಕ್ಕೇ ಅದು ಬಡವನ ಮನೆ.

ಈಗ ಇಲ್ಲಿನ ಲೆಕ್ಕ. 20 ಅಡಿಗೆ 15 ಅಡಿಯ ಒಂದು ಚಿಕ್ಕ ಮನೆ ಎನ್ನೋಣ. ಗೋಡೆಯ ಸುತ್ತಳತೆ 70 ಅಡಿ, ಎತ್ತರ 10 ಅಡಿ, ದಿಮ್ಮಿಯ ದಪ್ಪ 8 ಅಂಗುಲ. ಗುಣಿಸಿದರೆ 467 ಘನ ಅಡಿ. ಬಾಗಿಲು ಕಿಟಕಿಯ ಜಾಗ ಕಳೆದರೂ ಸುಮಾರು 400 ಘನ ಅಡಿ ಮರ ಬರೀ ಗೋಡೆಗೇ ಬೇಕು. ಮಾಡಿನ ಮರ ಬೇರೆ. ಅದೇ ಮನೆಯನ್ನು ಕಂಬ ತೊಲೆಯ ಮೇಲೆ ನಿಲ್ಲಿಸಿದರೆ? 6 ಅಂಗುಲ ಚೌಕದ 10 ಅಡಿ ಎತ್ತರದ 9 ಕಂಬಗಳಿಗೆ 22.5 ಘನ ಅಡಿ. 6 ಅಂಗುಲಕ್ಕೆ 8 ಅಂಗುಲದ, 20 ಅಡಿಯ ಮೂರು ಸಾಲು ತೊಲೆಗೆ 20 ಘನ ಅಡಿ. ಮೇಲೆ ಎರಡಡಿಗೊಂದರಂತೆ 3 ಅಂಗುಲಕ್ಕೆ 4 ಅಂಗುಲದ 11 ಜಂತಿಗಳಿಗೆ ಸುಮಾರು 14 ಘನ ಅಡಿ. ಒಟ್ಟು 57ರ ಹತ್ತಿರ. ಮಾಡಿಗೆ ಇಳಿಜಾರು ಕೊಟ್ಟರೆ ಇನ್ನಷ್ಟು ಸೇರಿಸಿ 65 ಎಂದೇ ಇಟ್ಟುಕೊಳ್ಳಿ. ದಿಮ್ಮಿ ಗೋಡೆಯ ಮರದಲ್ಲಿ ಇದು ಆರನೇ ಒಂದು ಪಾಲು. (ಇದು ಹಂಚಿನಂಥ ಹಗುರ ಮಾಡಿನ ಲೆಕ್ಕ, ಮಣ್ಣಿನ ಮಾಳಿಗೆಗೆ ಈ ಅಳತೆಯ ಮರ ಸಾಲದು.)

ಅಂದರೆ ಮರ ತುಟ್ಟಿಯಾಗಿರುವ ಕಡೆ ದಿಮ್ಮಿ ಮನೆ ಶ್ರೀಮಂತರ ಷೋಕಿಯಾಗುತ್ತದೆ. ಇನ್ನೊಂದು ತೊಡಕೂ ಇದೆ. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಕುಗ್ಗುವುದು ಹೆಚ್ಚು. ದಿಮ್ಮಿ ಗೋಡೆಯಲ್ಲಿ ಎಲ್ಲವೂ ಅಡ್ಡಕ್ಕೇ ಮಲಗಿರುವುದರಿಂದ ಹತ್ತಡಿಯ ಗೋಡೆ ಕೆಲವು ವರ್ಷಗಳಲ್ಲಿ ಕೆಲವು ಅಂಗುಲ ಕೆಳಗಿಳಿಯುತ್ತದೆ. ಅದಕ್ಕಾಗಿ ಬಾಗಿಲು ಕಿಟಕಿಯ ಚೌಕಟ್ಟಿನ ಮೇಲೆ ಸಂದು ಬಿಟ್ಟೇ ಕಟ್ಟುತ್ತಾರೆ. ಈ ಗುಟ್ಟು ಗೊತ್ತಿಲ್ಲದವರ ಮನೆಯಲ್ಲಿ ಬಾಗಿಲು ಸಿಕ್ಕಿಕೊಂಡು ತೆರೆಯುವುದೇ ಇಲ್ಲ. ಮರಾಠವಾಡಾದ ಮೇ ತಿಂಗಳ ಬಿಸಿಲು ಹಸಿ ಮರಕ್ಕೆ ಏನು ಮಾಡೀತು ಎಂಬುದನ್ನು ಹೇಳಬೇಕಾಗಿಲ್ಲ.

ಹಿಮಾಲಯದಲ್ಲಿ ದೇವದಾರು ಮರವಿದೆ ಎಂದು ಅಲ್ಲಿ ಕೂಡ ಇಡೀ ಗೋಡೆಯನ್ನು ಮರದಿಂದ ಕಟ್ಟಿದವರು ಕಡಿಮೆ. ಹಿಮಾಚಲದ ಕಾಠ್‌ಕುಣಿ ಮನೆಗಳಲ್ಲಿ ಒಂದು ವರಸೆ ಮರ, ಒಂದು ವರಸೆ ಕಲ್ಲು. ಉತ್ತರಕಾಶಿ ಕಡೆಯ ಕೋಟಿ ಬನಾಲ್ ಮಾದರಿಯ ಬಹುಮಹಡಿ ಮನೆಗಳೂ ಇದೇ ಬಗೆಯವು. 1991ರ ಉತ್ತರಕಾಶಿ ಭೂಕಂಪವನ್ನು ಅವು ತಾಳಿಕೊಂಡವು. ಮರ ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲಿ ಎಂಬುದು ನಮ್ಮ ದೇಶದ ಬಡಿಗನ ಲೆಕ್ಕಾಚಾರ.

ಖಣ ಎಂದರೆ ಅಂಕಣ

ಸಿಲ್ಲೋಡ್ ಕಡೆಯ ಮನೆಗೆ ಮರಾಠಿಯಲ್ಲಿ ಮಾಳವದದ ಮನೆ ಅಥವಾ ಧಾಬ್ಯಾದ ಮನೆ ಎನ್ನುತ್ತಾರೆ. ನಾಲ್ಕು ಕಂಬಗಳ ನಡುವಿನ ಒಂದು ಚೌಕಕ್ಕೆ ಖಣ ಎಂದು ಹೆಸರು. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಅಡಿ ಲೆಕ್ಕ ಹೇಳುವುದಿಲ್ಲ, ಇಷ್ಟು ಖಣದ ಮನೆ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಇದನ್ನೇ. ಭಾಷೆ ಬೇರೆ, ಬಡಿಗನ ಗಜಕಡ್ಡಿ ಒಂದೇ. (ಸಿಲ್ಲೋಡಿನ ಪಕ್ಕದ ತಾಲೂಕಿನ ಹೆಸರೇ ಕನ್ನಡ! ಬಸ್ಸಿನ ಫಲಕದಲ್ಲಿ ಅದನ್ನು ಓದಿ ಪುಳಕಗೊಳ್ಳದ ಕನ್ನಡಿಗನಿಲ್ಲ. ಇನ್ನು ಅದೇ ಜಿಲ್ಲೆಯ ಎಲ್ಲೋರದ ಕೈಲಾಸ ದೇವಾಲಯವಂತೂ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ್ದು.)

ಈ ಅಂಕಣ ಪದ್ಧತಿಯಲ್ಲಿ ಮಾಳಿಗೆಯ ಭಾರ ಗೋಡೆಯ ಮೇಲಿಲ್ಲ. ಕಲ್ಲಿನ ಮೇಲೆ ನಿಂತ ಕಂಬ, ಕಂಬದ ನೆತ್ತಿಯಲ್ಲಿ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲಕ್ಕಿಂತ ಮೇಲೆ ಬಿಳಿಮಣ್ಣು. ಗೋಡೆ ಬರೀ ಮರೆ. ಅದು ಕಳ್ಳಕಾಕರಿಗೆ, ಬಿಸಿಲಿಗೆ ಅಡ್ಡ. ಅಂಕಣ ಒಂದೊಂದೇ ಆದ್ದರಿಂದ ರೈತ ಈ ವರ್ಷದ ಫಸಲಿಗೆ ಎರಡು ಅಂಕಣ ನಿಲ್ಲಿಸಿ, ಮಗನ ಮದುವೆಗೆ ಇನ್ನೊಂದು ಸೇರಿಸುತ್ತಿದ್ದ. ಸಾಲದ ಮಾತೇ ಇರಲಿಲ್ಲ. ಕಡಿಮೆ ಖರ್ಚಿನ ಮನೆಯ ಮೊದಲ ಪಾಠ ಇದುವೇ ಇರಬೇಕು.

ಮರ ಎಷ್ಟು ವರ್ಷ ಬಾಳುತ್ತದೆ ಎಂಬ ಅನುಮಾನ ಇರುವವರು ಅಜಂತಾಕ್ಕೆ ಹೋದಾಗ 10ನೇ ಗುಹೆಯನ್ನು ಗಮನವಿಟ್ಟು ನೋಡಬೇಕು. 1819ರಲ್ಲಿ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಬಿದ್ದದ್ದು ಇದೇ ಗುಹೆ. ಕ್ರಿಸ್ತಪೂರ್ವ 2ನೇ ಶತಮಾನದ ಈ ಚೈತ್ಯದ ಕಮಾನಿಗೆ ಮರದ ಪಕ್ಕೆಲುಬುಗಳನ್ನು ಕೂರಿಸಿದ್ದರು. ಮರ ಹೋಗಿದೆ, ಗುರುತು ಉಳಿದಿದೆ. ಪಕ್ಕದ ಓಣಿಯಲ್ಲಿ ಅದೇ ಪಕ್ಕೆಲುಬುಗಳನ್ನು ಕಲ್ಲಿನಲ್ಲೇ ಕಡೆದಿದ್ದಾರೆ. ಆ ಕಾಲದ ಜನರಿಗೆ ಕಟ್ಟಡವೆಂದರೆ ಮರವೇ ಆಗಿತ್ತು, ಕಲ್ಲು ಕಡೆಯುವಾಗಲೂ ಕೈ ಮರದ ಆಕಾರವನ್ನೇ ಮಾಡಿತು. ಲೋನಾವಳದ ಬಳಿಯ ಕಾರ್ಲೆಯಲ್ಲಿ ಈ ಮರದ ಪಕ್ಕೆಲುಬುಗಳು ಸುಮಾರು ಎರಡು ಸಾವಿರ ವರ್ಷವಾದರೂ ಜಾಗದಲ್ಲೇ ಇವೆ. ಮಳೆ ನೀರು ಮುಟ್ಟದ, ನೆಲದ ತೇವ ಏರದ ಕಡೆ ಒಳ್ಳೆಯ ಮರ ಕೆಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ ಹಳೇ ಬಡಿಗನಿಗೆ ಇದು ತಿಳಿದಿತ್ತು.

ಕಿಲ್ಲಾರಿಯ ಆ ರಾತ್ರಿ

ಆದರೂ ಹಳೆಯದೆಲ್ಲ ಚಿನ್ನವಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿದಾಗ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆಗಳಲ್ಲಿ ಸರಕಾರಿ ಲೆಕ್ಕದಲ್ಲೇ ಸುಮಾರು 8,000 ಮಂದಿ ಸತ್ತರು. ಬೀದರ, ಗುಲ್ಬರ್ಗ ಜಿಲ್ಲೆಗಳ ಜನರೂ ಬೆಚ್ಚಿ ಬೀದಿಗೆ ಬಂದ ರಾತ್ರಿ ಅದು. ಇಲ್ಲಿನ ಕನ್ನಡ ಸಂಘಗಳ ಹಿರಿಯರಿಗೆ ಆ ದಿನಗಳಲ್ಲಿ ಬಟ್ಟೆಬರೆ, ಪಾತ್ರೆ, ಅಕ್ಕಿ ಕೂಡಿಸಿ ಕಳಿಸಿದ್ದು ಮರೆತಿರಲಾರದು.

ಕೊಂದದ್ದು ಭೂಕಂಪವಲ್ಲ, ಮನೆ. ಅಲ್ಲಿನ ಗೋಡೆಗಳು ಎರಡರಿಂದ ನಾಲ್ಕು ಅಡಿ ದಪ್ಪ. ನೋಡಲು ಕೋಟೆ. ಆದರೆ ಒಳಮೈಗೊಂದು, ಹೊರಮೈಗೊಂದು ಕಲ್ಲಿನ ವರಸೆ ಕಟ್ಟಿ ನಡುವೆ ಮಣ್ಣು, ಕಲ್ಲುಚೂರು ತುಂಬಿದ್ದರು. ಎರಡನ್ನೂ ಹಿಡಿದು ನಿಲ್ಲಿಸುವ ಅಡ್ಡಗಲ್ಲು ಇರಲಿಲ್ಲ. ನೆಲ ಅಲುಗಿದೊಡನೆ ಎರಡು ವರಸೆಗಳೂ ಬೇರೆಯಾಗಿ ಉರುಳಿದವು. ಮೇಲಿನ ಮಾಳಿಗೆಗೆ ಪ್ರತಿ ವರ್ಷ ಸೋರಿಕೆ ತಡೆಯಲು ಮಣ್ಣು ಪೇರಿಸಿ ಪೇರಿಸಿ ಎರಡು ಅಡಿಗೂ ಮೀರಿತ್ತು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಹತ್ತಿರ ಹತ್ತಿರ ಒಂದು ಟನ್ ಮಣ್ಣು. ಜಂತಿಯನ್ನು ಗೋಡೆಯ ಮೇಲೆ ಊರಿದ್ದ ಮನೆಗಳಲ್ಲಿ ಗೋಡೆಯ ಹಿಂದೆಯೇ ಈ ಟನ್ನುಗಟ್ಟಲೆ ಮಣ್ಣೂ ಮಲಗಿದವರ ಮೇಲೆ ಬಿತ್ತು.

ಆದರೆ ಪೂರಾ ಅಂಕಣ ಪದ್ಧತಿಯ, ಭಾರವೆಲ್ಲ ಕಂಬದ ಮೇಲಿದ್ದ ಎಷ್ಟೋ ಮನೆಗಳಲ್ಲಿ ಗೋಡೆಗಳು ಕುಸಿದರೂ ಕಂಬ, ತೊಲೆ, ಮಾಳಿಗೆ ಹಾಗೇ ನಿಂತಿದ್ದವು. ಆಗ ಬಂದ ಎಂಜಿನಿಯರುಗಳು ತೆಗೆದ ಚಿತ್ರಗಳಲ್ಲಿ ಇದು ಕಾಣುತ್ತದೆ: ಸುತ್ತ ಕಲ್ಲಿನ ರಾಶಿ, ನಡುವೆ ಗೋಡೆಯಿಲ್ಲದೆ ನಿಂತ ಮರದ ಚೌಕಟ್ಟು. ಹಳೇ ಮನೆಯ ಮರ ಮಾರಿ, ಗೋಡೆ ಮಾತ್ರ ಉಳಿಸಿಕೊಂಡು ಅದರ ಮೇಲೆ ಜಂತಿ ಇಡಲು ಹೊರಟವರು ಈ ಚಿತ್ರವನ್ನು ನೆನಪಿಡಬೇಕು. ಇದು ಸಿಲ್ಲೋಡಿಗೆ ಮಾತ್ರವಲ್ಲ, ಬಸವಕಲ್ಯಾಣ, ಆಳಂದ, ಇಂಡಿ ಕಡೆಯ ಪಿತ್ರಾರ್ಜಿತ ಮನೆಗಳಿಗೂ ಅನ್ವಯ.

ಭೂಕಂಪದ ಬಳಿಕ ವಿಶ್ವಬ್ಯಾಂಕ್ ನೆರವಿನಲ್ಲಿ ಮಹಾರಾಷ್ಟ್ರ ಸರಕಾರ ದೊಡ್ಡ ಪುನರ್ವಸತಿ ಯೋಜನೆ ಕೈಗೊಂಡಿತು. ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆಡೆ ಕಟ್ಟಲಾಯಿತು. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳನ್ನು ಹಣ ಮತ್ತು ತಾಂತ್ರಿಕ ಸಲಹೆ ಪಡೆದು ಮಾಲೀಕರೇ ದುರಸ್ತಿ ಮಾಡಿಕೊಂಡರು ಎಂಬ ಸಂಗತಿ ಹೆಚ್ಚು ಪ್ರಚಾರ ಪಡೆಯಲಿಲ್ಲ. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಮೂಲಕ ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳು ಸಂವಾದ ಸಹಾಯಕರಾದರು. ಅಡ್ಡಗಲ್ಲು ಎಂದರೇನು, ಮೂಲೆ ಹೇಗೆ ಹೆಣೆಯಬೇಕು, ಸಿಮೆಂಟಿಗೆ ಎಷ್ಟು ದಿನ ನೀರು ಹಾಕಬೇಕು ಎಂಬುದನ್ನು ಕಲಿತು, ಗೌಂಡಿಯನ್ನು ನಿಲ್ಲಿಸಿ ಪ್ರಶ್ನಿಸುವಷ್ಟಾದರು. 2001ರ ಗುಜರಾತ್ ಭೂಕಂಪದ ನಂತರ ಇದೇ ಲಾತೂರಿನ ಮಹಿಳೆಯರು ಕಚ್ಛ್‌ಗೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವ ಹೇಳಿಕೊಟ್ಟರು. ಎಸ್ಸೆಸ್ಸೆಲ್ಸಿ ಮುಟ್ಟದ ಹೆಂಗಸರು ಕಲಿತದ್ದನ್ನು ಪದವೀಧರರು ಕಲಿಯಲಾರರೇ?

ಆಗ ಹೇಳಿಕೊಟ್ಟ ಸುಧಾರಣೆಗಳು ದುಬಾರಿಯವಲ್ಲ. ಮಾಳಿಗೆಯ ಮಣ್ಣನ್ನು ಇಳಿಸಿ ಎಂಟು ಅಂಗುಲದಷ್ಟು ಮಾತ್ರ ಉಳಿಸುವುದು. ಕಂಬ ಮತ್ತು ತೊಲೆ ಸೇರುವ ಮೂಲೆಗೆ ಮರದ ಇಲ್ಲವೇ ಕಬ್ಬಿಣದ ಓರೆಕಟ್ಟು ಬಡಿದು ಚೌಕಟ್ಟು ವಾಲದಂತೆ ಮಾಡುವುದು. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ಕೊರೆದು ಎರಡೂ ಮೈಗಳನ್ನು ಹಿಡಿಯುವ ಅಡ್ಡಗಲ್ಲನ್ನು ಕೂರಿಸುವುದು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಒಂದು ಪಟ್ಟಿ ಕಟ್ಟುವುದು. ಇದೇ 1993ರಲ್ಲಿ ಮಣ್ಣಿನ ಮನೆಗಳಿಗಾಗಿ ಐಎಸ್ 13827, ಬಲ ಕಡಿಮೆಯಿರುವ ಕಲ್ಲುಕಟ್ಟಡಗಳಿಗಾಗಿ ಐಎಸ್ 13828 ಎಂಬ ಎರಡು ಭಾರತೀಯ ಮಾನಕಗಳೂ ಬಂದಿವೆ. ಎಂಜಿನಿಯರ್ ಬಳಿ ಹೋದಾಗ ಈ ಎರಡು ಸಂಖ್ಯೆಗಳನ್ನು ಹೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಮರ ಎಲ್ಲಿಂದ?

ಹೊಸ ಸಾಗುವಾನಿ ಕೊಳ್ಳುವ ಶಕ್ತಿ ಸಾಮಾನ್ಯರಿಗಿಲ್ಲ. ಸ್ವಂತ ಹೊಲದ ಬದುವಿನಲ್ಲಿ ಸಾಗುವಾನಿ ಮರ ಇದೆ ಎಂದು ಕೊಡಲಿ ಹಾಕುವಂತೆಯೂ ಇಲ್ಲ. ಮಹಾರಾಷ್ಟ್ರದಲ್ಲಿ 1964ರ ಮರ ಕಡಿತ ನಿಯಂತ್ರಣ ಕಾಯ್ದೆಯಂತೆ ಅನುಮತಿ ಬೇಕು, ಸಾಗಿಸಲು ಅರಣ್ಯ ಇಲಾಖೆಯ ಪಾಸು ಬೇಕು. ಹಳೇ ಮನೆಯ ಮರ ಕೊಳ್ಳುವುದು ಅಗ್ಗ, ಅದು ದಶಕಗಳಿಂದ ಒಣಗಿ ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಕೊಳ್ಳುವಾಗ ರಸೀದಿ ಮರೆಯಬಾರದು. ಕಂಬದ ಬುಡ, ತೊಲೆ ಗೋಡೆಯೊಳಗೆ ಹೊಕ್ಕಿದ್ದ ತುದಿ, ಈ ಎರಡು ಕಡೆ ಮೊಳೆ ಚುಚ್ಚಿ ನೋಡಿದರೆ ಗೆದ್ದಲು ತಿಂದಿದೆಯೇ ಎಂಬುದು ಗೊತ್ತಾಗುತ್ತದೆ. ತಿಂದ ತುದಿ ಕತ್ತರಿಸಿ ಉಳಿದದ್ದಕ್ಕೆ ಮಾತ್ರ ಬೆಲೆ ಕಟ್ಟಬೇಕು.

ಸ್ವಂತದ್ದೇ ಹಳೇ ಮನೆಯಿದ್ದವರು ಅದನ್ನು ಗುತ್ತಿಗೆಗೆ ಕೆಡವಿಸುವ ಮೊದಲು ಒಂದೊಂದು ಕಂಬಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆದು, ಅಳತೆ ಪಟ್ಟಿ ಮಾಡಿಕೊಳ್ಳುವುದು ಲೇಸು. ಕೆಡವುವ ಕೂಲಿಯ ಬದಲು ಮರ ಒಯ್ಯುತ್ತೇವೆ ಎಂದು ಬರುವ ವ್ಯಾಪಾರಿ ದಾನಧರ್ಮಕ್ಕೆ ಬಂದವನಲ್ಲ.

ಇನ್ನೊಂದು ದಾರಿ ಬಿದಿರು. 2017ರಲ್ಲಿ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಬಿದಿರು ಮರದ ಪಟ್ಟಿಯಿಂದ ಹೊರಬಿತ್ತು. ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಹಿಂದಿನ ಕಟ್ಟುಪಾಡುಗಳಿಲ್ಲ. ಮೂರು ನಾಲ್ಕು ವರ್ಷ ಬಲಿತ ಗಳ ಆರಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿದರೆ ಹುಳ ಹಿಡಿಯುವುದಿಲ್ಲ. ಆದರೆ ಈ ಔಷಧ ಮಳೆಗೆ ತೊಳೆದು ಹೋಗುವಂಥದ್ದು, ಆದ್ದರಿಂದ ಮಾಡಿನ ಚಾಚು ಅಗಲವಿರಬೇಕು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಬ್ರಿಟನ್ನಿನ ಸಂಸ್ಥೆಯೊಂದರ ಜೊತೆ ಸೇರಿ ಬಿದಿರಿನ ಕಂಬ, ಬಿದಿರಿನ ಸೀಳಿಗೆ ಸಿಮೆಂಟ್ ಮೆತ್ತಿದ ಗೋಡೆಗಳ ಮನೆಯನ್ನು ತನ್ನ ಆವರಣದಲ್ಲೇ ಕಟ್ಟಿ ತೋರಿಸಿತ್ತು.

ಕರಿಮಣ್ಣಿನ ಕಾಟ

ಸಿಲ್ಲೋಡಿನ ಹತ್ತಿ ಬೆಳೆಯುವ ಎರೆಮಣ್ಣು ರೈತನಿಗೆ ವರ, ಮನೆ ಕಟ್ಟುವವನಿಗೆ ಶಾಪ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿಯೂ ಅದರೊಂದಿಗೆ ಏರಿಳಿಯುತ್ತದೆ. ಹೊಸ ಮನೆಗಳ ಗೋಡೆಯಲ್ಲಿ ಓರೆಯಾಗಿ ಬಿಡುವ ಬಿರುಕಿಗೆ ಎಷ್ಟೋ ಕಡೆ ಕಾರಣ ಇದೇ. ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಇಲ್ಲಿ ಮಾತ್ರ ಕೈ ಹಿಡಿಯಬಾರದು. ಗಟ್ಟಿ ಮುರ್ರಂ ಸಿಗುವವರೆಗೆ ಅಗೆದು ಅದರ ಮೇಲೇ ಬುನಾದಿ ಊರಬೇಕು. ಅಗೆದ ಕರಿಮಣ್ಣನ್ನು ಮತ್ತೆ ಒಳಗೆ ತುಂಬದೆ ಮರಳು ಅಥವಾ ಮುರ್ರಂ ತುಂಬಬೇಕು. ಮುರ್ರಂ ತುಂಬ ಆಳದಲ್ಲಿದ್ದರೆ ಎಂಜಿನಿಯರ್ ಸಲಹೆ ಇಲ್ಲದೆ ಮುಂದುವರಿಯುವಂತಿಲ್ಲ. ಮನೆಯ ಸುತ್ತ ನೀರು ನಿಲ್ಲದಂತೆ ಕಲ್ಲು ಹಾಸಿ ಇಳಿಜಾರು ಕೊಡುವುದು ಸಾವಿರ ರೂಪಾಯಿ ಲೆಕ್ಕದ ಕೆಲಸ, ಲಕ್ಷ ರೂಪಾಯಿಯ ಗೋಡೆ ಉಳಿಸುತ್ತದೆ.

ಕಂಬಗಳ ನಡುವೆ ತುಂಬುವ ಗೋಡೆಗೆ ಇಟ್ಟಿಗೆಯೇ ಆಗಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣು, ಮರಳಿಗೆ ಶೇಕಡಾ 7ರಿಂದ 8 ಸಿಮೆಂಟ್ ಬೆರೆಸಿ ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು ಮೂರು ವಾರ ನೀರುಣಿಸಿದರೆ ಸುಡದೆಯೇ ಗಟ್ಟಿ ಇಟ್ಟಿಗೆ ಸಿದ್ಧ. ಕಟ್ಟಿಗೆ ಸುಡುವ ಖರ್ಚಿಲ್ಲ, ಲಾರಿ ಬಾಡಿಗೆಯಿಲ್ಲ, ಮನೆಯವರೇ ಕೂತು ಒತ್ತಬಹುದು. ಆದರೆ ಎರೆಮಣ್ಣು ಇದಕ್ಕೆ ಆಗದು. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ ಕುಲುಕಿ ಇಟ್ಟರೆ ಮರುದಿನ ಮರಳು ಕೆಳಗೆ, ನುಣುಪು ಮಣ್ಣು ನಡುವೆ, ಜೇಡಿ ಮೇಲೆ ಪದರ ಪದರವಾಗಿ ಕೂರುತ್ತದೆ. ಮರಳಿನ ಪಾಲೇ ಮೂರರಲ್ಲಿ ಎರಡಷ್ಟು ಇದ್ದು ಜೇಡಿ ಸ್ವಲ್ಪ ಇದ್ದರೆ ಒಳ್ಳೆಯ ಮಣ್ಣು.

ಇಟ್ಟಿಗೆಯೇ ಸುಲಭವಾಗಿ ಸಿಗುವ ಕಡೆ ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007) ಬಳಕೆಗೆ ತಂದ ವಿಧಾನ ನೋಡಬಹುದು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಒಳಗೆ ಟೊಳ್ಳು ಬಿಟ್ಟು ಕಟ್ಟಿದರೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಒಳಗೆ ಸೆಕೆಯೂ ಕಡಿಮೆ.

ಮೇಲೆ ಹೊದಿಸಲು ಮಂಗಳೂರು ಹಂಚು ಇದ್ದೇ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಮುಂಬಯಿಯ ಮಾಡುಗಳನ್ನೂ ಹೊದಿಸಿತು, ಕರಾವಳಿಯ ಓದುಗರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಮಣ್ಣಿನ ಮಾಳಿಗೆಯ ಭಾರಕ್ಕೆ ಹೋಲಿಸಿದರೆ ಹಂಚಿನ ಮಾಡಿನ ಭಾರ ಏನೇನೂ ಅಲ್ಲ. ಮಾಳಿಗೆಯ ತಂಪು ಮಾತ್ರ ಬರುವುದಿಲ್ಲ. ಕೆಳಗೆ ಬಿದಿರು ಚಾಪೆಯ ತಾರಸಿ ಕೊಟ್ಟರೆ ಸೈರಿಸುವಂತಾಗುತ್ತದೆ.

ಕಲಿಯುವುದೆಲ್ಲಿ, ಹಣವೆಲ್ಲಿ?

ಪುದುಚೇರಿ ಬಳಿಯ ಆರೋವಿಲ್ ಮಣ್ಣಿನ ಕಟ್ಟಡ ಸಂಸ್ಥೆ ಸಾಮಾನ್ಯರಿಗೂ ಸಣ್ಣ ಅವಧಿಯ ತರಬೇತಿ ನಡೆಸುತ್ತ ಬಂದಿದೆ. ಕರ್ನಾಟಕದ ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಕಡಿಮೆ ಖರ್ಚಿನ ವಿಧಾನ ಕಲಿಸುವುದೇ ಅವುಗಳ ಮೂಲ ಉದ್ದೇಶವಾಗಿತ್ತು, ಈಗ ಹಲವು ಕಡೆ ಅವು ಸರಕಾರಿ ಕಾಮಗಾರಿಗಳಲ್ಲೇ ಮುಳುಗಿವೆ ಎಂಬ ಮಾತೂ ಇದೆ. ಆದರೂ ಕೇಳಿ ನೋಡಲು ಅಡ್ಡಿಯಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವನ್ನು 2016ರಲ್ಲಿ ರೂಪಿಸುವಾಗ ಬಯಲು ಪ್ರದೇಶದ ಅರ್ಹ ಕುಟುಂಬಕ್ಕೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರಿನ ಮನೆ, ಗುತ್ತಿಗೆದಾರನನ್ನು ಹಾಕದೆ ಫಲಾನುಭವಿಯೇ ಕಟ್ಟಿಕೊಳ್ಳಬೇಕು ಎಂಬ ಷರತ್ತು ಇಡಲಾಯಿತು. ಅದೇ ಯೋಜನೆಯಡಿ ಹಳ್ಳಿಯ ಗೌಂಡಿಗಳಿಗೆ 45 ದಿನಗಳ ತರಬೇತಿ ಏರ್ಪಟ್ಟಿತು. ಸಂಘದ ಸದಸ್ಯರಲ್ಲಿ ಹೆಚ್ಚಿನವರು ಈ ಯೋಜನೆಯ ಪಟ್ಟಿಗೆ ಬರುವವರಲ್ಲ. ಆದರೆ ಆ ತರಬೇತಿ ಪಡೆದ ಗೌಂಡಿ ಯಾರೆಂದು ಪಂಚಾಯತಿಯಲ್ಲಿ ವಿಚಾರಿಸಿ ಅವರನ್ನೇ ಕರೆಸಿಕೊಳ್ಳಬಹುದಲ್ಲ.

ತಾವೇ ಕಟ್ಟುವುದೆಂದರೆ ಐವತ್ತೆಂಟರ ವಯಸ್ಸಿನಲ್ಲಿ ತೊಲೆ ಹೊರುವುದು ಎಂದು ತಿಳಿಯಬಾರದು. ಅಳತೆ ಬರೆಯುವುದು, ಸಾಮಾನು ತಾವೇ ಕೊಳ್ಳುವುದು, ದಿನದ ಲೆಕ್ಕ ಇಡುವುದು, ನೀರುಣಿಸುವುದು, ಮರಕ್ಕೆ ಎಣ್ಣೆ ಹಚ್ಚುವುದು ಮನೆಯವರ ಪಾಲು. ಬುನಾದಿ, ತೊಲೆ ಏರಿಸುವುದು, ವಿದ್ಯುತ್ ತಂತಿ ಎಳೆಯುವುದು ಬಲ್ಲವರ ಪಾಲು. ಮರದ ಮನೆಯಲ್ಲಿ ವಿದ್ಯುತ್ ಕೆಲಸದಲ್ಲಿ ಜಿಪುಣತನ ಕೂಡದು. ತಂತಿ ಕೊಳವೆಯೊಳಗೇ ಹಾಯಬೇಕು, ಸೋರಿಕೆಯಾದರೆ ತಾನೇ ಕಡಿದುಕೊಳ್ಳುವ ಬ್ರೇಕರ್ ಇರಬೇಕು.

ಸಾಲದ ವಿಷಯದಲ್ಲಿ ಎರಡು ಅಂಕಿ ನೋಡಿದರೆ ಸಾಕು. 10 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು 8,997 ರೂಪಾಯಿ. ತೀರುವಾಗ ಕಟ್ಟಿದ್ದು 21 ಲಕ್ಷ 59 ಸಾವಿರ ದಾಟಿರುತ್ತದೆ. ಅದೇ ಬಡ್ಡಿಯಲ್ಲಿ 5 ಲಕ್ಷವನ್ನು 10 ವರ್ಷಕ್ಕೆ ಪಡೆದರೆ ಕಂತು 6,334. ಒಟ್ಟು 7 ಲಕ್ಷ 60 ಸಾವಿರ. ಕಂತಿನಲ್ಲಿ ವ್ಯತ್ಯಾಸ ಎರಡೂವರೆ ಸಾವಿರದ ಆಸುಪಾಸು, ಕೊನೆಗೆ ಕೈಬಿಡುವ ಹಣದಲ್ಲಿ ವ್ಯತ್ಯಾಸ 14 ಲಕ್ಷ. ಅಂಕಣ ಅಂಕಣವಾಗಿ ಕಟ್ಟುವ ಹಳೇ ರೈತನ ಜಾಣತನ ಇಲ್ಲಿ ಅರ್ಥವಾಗುತ್ತದೆ. ಮೊದಲ ವರ್ಷ ಎರಡು ಅಂಕಣ, ಅಡುಗೆಮನೆ, ಶೌಚಾಲಯ. ಉಳಿದದ್ದಕ್ಕೆ ಬುನಾದಿ ಮಾತ್ರ.

ಬ್ಯಾಂಕಿನವರು ಮರ, ಮಣ್ಣಿನ ಮನೆ ಎಂದೊಡನೆ ಮುಖ ಸಿಂಡರಿಸುವುದುಂಟು. ಅವರಿಗೆ ಬೇಕಾದದ್ದು ಕಟ್ಟಡದ ಆಯುಷ್ಯದ ಬಗ್ಗೆ ಎಂಜಿನಿಯರ್ ಸಹಿ ಮಾಡಿದ ಕಾಗದ, ಮಂಜೂರಾದ ನಕ್ಷೆ, ಜಾಗದ ದಾಖಲೆ. ಹೊಲದ 7/12 ಉತಾರ ತೋರಿಸಿದರೆ ಮನೆಸಾಲ ಸಿಗದು, ಜಮೀನು ಕೃಷಿಯೇತರ ಆಗಿರಬೇಕು. ಗಾವಠಾಣದೊಳಗಿನ ಜಾಗಕ್ಕೆ 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಅಳತೆ ನಡೆದು ಆಸ್ತಿ ಕಾರ್ಡ್ ಕೊಡಲಾಗುತ್ತಿದೆ. ಅಣ್ಣತಮ್ಮಂದಿರ ಜಂಟಿ ಮನೆಯಾದರೆ ಕಂಬ ಅಲುಗಿಸುವ ಮೊದಲು ಪಾಲುಪತ್ರ ಆಗಿರಲಿ. ಕಟ್ಟಿದ ಮೇಲೆ ಕೋರ್ಟಿಗೆ ಹೋದ ಮನೆಗಳಿಗೆ ಗೆದ್ದಲು ಬೇಕಾಗಿಲ್ಲ.

ಕೆಲಸಕ್ಕೂ ಒಂದು ಪಂಚಾಂಗವಿದೆ. ಹಳೇ ಮರ ಕೊಂಡು ಗಣೇಶ ಚೌತಿಯೊಳಗೆ ನೆರಳಿಗೆ ಹಾಕಬೇಕು. ದೀಪಾವಳಿ ಮುಗಿದು ನೆಲ ಒಣಗತೊಡಗಿದಾಗ ಬುನಾದಿ. ಸಂಕ್ರಾಂತಿಯ ಹೊತ್ತಿಗೆ ಕಂಬ ನಿಲ್ಲಬೇಕು, ಯುಗಾದಿಗೆ ಮಾಡು ಏರಬೇಕು. ಗೋಡೆ ಅದರ ನಂತರ ನೆರಳಿನಲ್ಲೇ ಕಟ್ಟಬಹುದು, ಬೇಸಿಗೆಯಲ್ಲಿ ನೀರುಣಿಸಲು ಬಾವಿಯಲ್ಲಿ ನೀರಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು. ಸಿಲ್ಲೋಡ್ ಕಡೆ ಜೂನ್ 7ರ ಸುಮಾರಿಗೆ ಮೃಗಶಿರ ಮಳೆ ಹೂಡುತ್ತದೆ. ಆ ಹೊತ್ತಿಗೆ ಗೌಂಡಿ, ಬಡಿಗ, ಕೂಲಿಯಾಳು ಎಲ್ಲರೂ ಬಿತ್ತನೆಗೆಂದು ಹೊಲ ಸೇರಿರುತ್ತಾರೆ. ದುಪ್ಪಟ್ಟು ಕೂಲಿ ಕೊಟ್ಟರೂ ಮತ್ತೆ ಸಿಗುವುದು ದಸರೆಗೇ.